‘ದಿನಸಿ’ಯಲ್ಲಿ ದಿನವಿದೆಯೆ?

ಅಕ್ಕಿ, ಬೇಳೆ, ಬೆಲ್ಲ ಮೊದಲಾದವುಗಳಿಗೆ ನಾವು ‘ದಿನಸಿ’ ಎನ್ನುತ್ತೇವೆ. ದಿನವೂ ಬೇಕಾಗುವುದರಿಂದ ಆ ಹೆಸರೆಂದು ಅನೇಕರ ನಂಬಿಕೆ. ಸಂಬಳ ಬಂದಾಗ ತಿಂಗಳಿಗೊಮ್ಮೆ ಚೀಟಿ ಬರೆದು ಸಾಮಾನು ತರುವವರಿಗೆ ಈ ವ್ಯುತ್ಪತ್ತಿ ಅಷ್ಟಾಗಿ ಒಪ್ಪದು, ಅದಿರಲಿ. ‘ದಿನ’ಕ್ಕೆ ‘ಸಿ’ಯನ್ನು ಹಚ್ಚಿ ಪದಾರ್ಥವಾಚಕವನ್ನು ಸಾಧಿಸುವ ಪ್ರತ್ಯಯವು ಸಂಸ್ಕೃತದಲ್ಲಿಯಾಗಲಿ ಕನ್ನಡದಲ್ಲಿಯಾಗಲಿ ಕಾಣದು.

ಹೊರನಾಡಿನಲ್ಲಿ ನೆಲೆಸಿದ ನಮಗೆ ಇದರ ಮೂಲವನ್ನು ಅರಸುವುದು ಒಳನಾಡಿನವರಿಗಿಂತ ಸುಲಭ. ಪುಣೆಯ ಮರಾಠಿಯಲ್ಲಿ ವಸ್ತುವಿಗೆ ‘ಜಿನ್ನಸ’ ಎಂಬ ಮಾತುಂಟು. ದಿಲ್ಲಿಯ ಹಿಂದಿಯಲ್ಲಿ ವ್ಯಾಪಾರದ ಸರಕು ‘ಜಿನ್ಸ್’. ಹೈದರಾಬಾದಿನ ತೆಲುಗರ ‘ದಿನುಸು’ ಪದಾರ್ಥವೂ ಹೌದು, ಬಗೆಯೂ ಹೌದು. ಚೆನ್ನೈಯವರ ‘ತಿನುಸು’ ಎಂದರೆ ಬಗೆ, ತರಹ. ಇವೊಂದರಲ್ಲಿಯೂ ದಿನದ ಅರ್ಥ ಎಳ್ಳಷ್ಟೂ ಇಲ್ಲ. ಆದರೂ ತೆಲುಗಿನಲ್ಲಿ ಜಕಾರವು ದಕಾರವಾಗಿದೆ. ಹೀಗಿರಲು ಕನ್ನಡದ ದಕಾರಕ್ಕೆ ಮಾತ್ರ ‘ದಿನ’ವನ್ನು ಕಾರಣವೆನ್ನುವುದು ಯುಕ್ತವಲ್ಲ.

ಮೂಲವು ಅರಬ್ಬಿಯ ‘ಜಿನ್ಸ್’. ಅದಕ್ಕೂ ಹಿಂದೆ ಗ್ರೀಕರ ‘ಗೆನೊಸ್’. ಕುಲ, ಜಾತಿ, ವರ್ಗ ಎಂಬುದು ಅರ್ಥ. ಅರಬ್ಬಿ ತಾರ್ಕಿಕರ ಈ ಪಾರಿಭಾಷಿಕ ಶಬ್ದವು ಪಾರಸಿ ಕಂದಾಯದ ಲೆಕ್ಕಗಳಲ್ಲಿ ಬೆಳೆ, ಧಾನ್ಯ, ಸರಕು ಎಂಬಲ್ಲಿಗೆ ಇಳಿಯಿತು. ಬಗೆಬಗೆಯ ವಸ್ತುಗಳನ್ನು ಬಾಬುವಾರಾಗಿ ಬರೆಯುವಲ್ಲಿ ಬಗೆಯೇ ವಸ್ತುವಾಗುವುದು ಸಹಜ. ಹತ್ತಿ, ಕಬ್ಬುಗಳಂಥ ಹೆಚ್ಚು ಬೆಲೆಯ ಬೆಳೆಗೆ ಮೊಗಲರ ಕಾಲದಲ್ಲಿ ‘ಜಿನ್ಸ್-ಇ-ಕಾಮಿಲ್’ ಎಂಬ ಹೆಸರಿತ್ತು. ನಮ್ಮ ನಾಡಿಗಾದರೋ, 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯ, ವಿಜಾಪುರದ ಆದಿಲಶಾಹಿ (1490-1686), ಬಳಿಕ ಮರಾಠರ ಆಡಳಿತ, ಇವುಗಳ ಮೂಲಕ ಲೆಕ್ಕಪತ್ರದ ಪಾರಸಿ ಶಬ್ದಗಳು ಬಂದವು. ‘ಜಿನಸು’ ಕೂಡ ಆ ದಾರಿಯಲ್ಲಿಯೇ ಬಂದಿರಬೇಕು.

ಲೆಕ್ಕದಲ್ಲಿ ಅದರ ಒಡನಾಡಿ ‘ನಕ್ದ್’, ಎಂದರೆ ನಮ್ಮ ‘ನಗದು’. ಸಲ್ಲಬೇಕಾದುದು ಒಂದೋ ನಗದಾಗಿ ಸಲ್ಲಬೇಕು, ಇಲ್ಲವೆ ಜಿನಸಾಗಿ. ಬ್ಯಾಂಕಿನ ಉದ್ಯೋಗದಲ್ಲಿರುವ ನನಗೆ ಈ ಜೋಡಿ ಅಗಲಿದ ಬಗೆ ಕುತೂಹಲಕರವಾಗಿ ತೋರುತ್ತದೆ: ನಗದು ಬ್ಯಾಂಕನ್ನು ಸೇರಿತು, ಜಿನಸು ಕಿರಾಣಿ ಅಂಗಡಿಯನ್ನು.

ಇದು ಬರಿಯ ಶಬ್ದವಿನೋದವಲ್ಲ. ಹಳೆಯ ಲೆಕ್ಕದ ವಹಿಯೊಂದರಲ್ಲಿ ‘ನಾಲ್ಕು ದಿನಸಿಗೆ’ ಎಂದು ಬರೆದು ಮುಂದೆ ಹಣವನ್ನು ನಮೂದಿಸಿದೆ ಎಂದುಕೊಳ್ಳೋಣ. ಸಂಪಾದಕನು ಅದನ್ನು ದಿನವೆಂದು ತಿಳಿದರೆ ನಾಲ್ಕು ಪದಾರ್ಥಗಳ ಬೆಲೆಯು ನಾಲ್ಕು ದಿನಗಳ ಕೂಲಿಯಾದೀತು. ಅದನ್ನು ನೆಚ್ಚಿ ಬೆಲೆಗಳ ಇತಿಹಾಸವನ್ನು ಬರೆಯುವವನ ಗತಿಯೇನು?

ತಮಿಳಿನ ‘ತಿನುಸು’ವನ್ನು ಕಂಡು ನಮ್ಮ ‘ತಿನಿಸಿ’ನ ನೆಂಟನೆನ್ನಲು ಮನಸ್ಸಾದೀತು. ‘ತಿನಿಸು’ ಅಚ್ಚಗನ್ನಡದ ‘ತಿನ್ನು’ ಧಾತುವಿನಿಂದ ಬಂದುದು. ಅದಕ್ಕೂ ಇದಕ್ಕೂ ಅಂಗಡಿಯಲ್ಲಿ ಮಾತ್ರ ಭೇಟಿ.