ಲಸಿಕೆ ಪ್ರಮಾಣಪತ್ರದ ಹಿಂದಿನ ಮುಕ್ತ ತಂತ್ರಾಂಶ

ಕೋವಿಡ್ ಕಾಲದಲ್ಲಿ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಜನರ ಕೈಸೇರಿದ ಲಸಿಕೆ ಪ್ರಮಾಣಪತ್ರವನ್ನು ಸಿದ್ಧಪಡಿಸಿದ್ದು ‘ಡಿವೋಕ್’ ಎಂಬ ಮುಕ್ತ ತಂತ್ರಾಂಶ. ‘ಕೋವಿಡ್’ನ ಇಂಗ್ಲಿಷ್ ಅಕ್ಷರಗಳನ್ನು ತಿರುವಿ ಬರೆದರೆ ಈ ಹೆಸರು ಬರುತ್ತದೆ. ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾದಮುನಿ 2003ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಇ-ಗವರ್ನ್‌ಮೆಂಟ್ಸ್ ಪ್ರತಿಷ್ಠಾನ ಇದರ ಪೋಷಕ ಸಂಸ್ಥೆ. ಮುಕ್ತ ತಂತ್ರಾಂಶದ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಶುಲ್ಕವಿಲ್ಲದೆ ಬಳಸಬಹುದು. ಶ್ರೀಲಂಕಾ, ಫಿಲಿಪ್ಪೀನ್ಸ್‌ಗಳೂ ಡಿವೋಕ್ ಅನ್ನು ಅಳವಡಿಸಿಕೊಂಡವು.

2021ರ ಡಿಸೆಂಬರ್‌ನಲ್ಲಿ, ಎರಡೂ ಡೋಸ್ ಪಡೆದವರಿಗೆ ಮಾತ್ರ ಮಾಲ್ ಹಾಗೂ ಚಿತ್ರಮಂದಿರಗಳಿಗೆ ಪ್ರವೇಶವೆಂದು ರಾಜ್ಯ ಸರ್ಕಾರ ಆದೇಶಿಸಿತು. ಗ್ರಾಹಕರನ್ನು ಒಳಬಿಡಲು ವ್ಯಾಪಾರಸ್ಥರಿಗೂ ಈ ಪತ್ರವೇ ಆಧಾರವಾಯಿತು. ಸ್ಮಾರ್ಟ್‌ಫೋನ್ ಇಲ್ಲದೆ ಹಳ್ಳಿಯಿಂದ ಹುಬ್ಬಳ್ಳಿಗೆ ಬಂದವರಿಗೆ ಇದರಿಂದ ಅನುಕೂಲವಿತ್ತು. ಮುದ್ರಿತ ಹಾಳೆಯ ಕ್ಯೂಆರ್ ಕೋಡ್ ಅನ್ನೂ ಸ್ಕ್ಯಾನ್ ಮಾಡಬಹುದಿತ್ತು. ಅದರೊಳಗೆ ಹೆಸರು, ಡೋಸ್‌ಗಳ ವಿವರದೊಂದಿಗೆ ಡಿಜಿಟಲ್ ಸಹಿಯೂ ಅಡಕವಾಗಿತ್ತು. ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುತ್ತಿರಲಿಲ್ಲ. ಕಾವಲಿನವರು ಸ್ಕ್ಯಾನ್ ಮಾಡದೆ ಬರಿಗಣ್ಣಿನಲ್ಲಿ ನೋಡಿ ಒಳಬಿಟ್ಟರೆ, ಆ ಮಾತು ಬೇರೆ.

ಆದರೆ ಪತ್ರ ದೊರೆಯುವ ಮುನ್ನ ಲಸಿಕೆ ದೊರೆಯಬೇಕಿತ್ತು. ಅದಕ್ಕೆ ‘ಕೋವಿನ್’ ತಾಣದ ನೋಂದಣಿ ಬೇಕಿತ್ತು. ಗ್ರಾಮೀಣರಿಗೆ ತೊಡಕಾದದ್ದು ಇಲ್ಲಿಯೇ. ಲಸಿಕಾ ಅಭಿಯಾನ 2021ರ ಜನವರಿ 16ರಂದು ಆರಂಭವಾದರೂ ಆ ತಾಣಕ್ಕೆ ಕನ್ನಡ ಬಂದದ್ದು ಜೂನ್‌ನಲ್ಲಿ.