ನಾನೂ ನಿಲ್ಲಬಹುದೆ?

2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಗೆ ಕೆಲವು ತಿಂಗಳು ಮೊದಲು, ಸೇಡಂ ತಾಲ್ಲೂಕಿನ ನನ್ನ ಹುಟ್ಟೂರಿನ ನಾಲ್ವರು ಹಿರಿಯರು ಮನೆಯ ಕಟ್ಟೆಯ ಮೇಲೆ ಬಂದು ಕುಳಿತರು. “ಸರ, ಈ ಸಲ ನೀವ ನಿಂದ್ರಬೇಕ್ರಿ” ಎಂದರು. ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಚರಂಡಿ, ನಳ, ಬೀದಿದೀಪಗಳ ಕಾರಭಾರ ಒಗ್ಗೀತೆ? ವಿಚಾರ ಮಾಡಿ ಹೇಳುತ್ತೇನೆಂದು ಅವರನ್ನು ಕಳುಹಿಸಿಕೊಟ್ಟೆ. ವಿಚಾರ ಮಾಡುತ್ತ ಹೋದಂತೆ, ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಅಧಿಕಾರವೇ ನಮ್ಮ ಭಾಗದವರಿಗೆ ಎಷ್ಟು ಈಚೆಗೆ ದೊರೆತದ್ದು ಎಂಬುದು ಮನಸ್ಸಿಗೆ ಬಂತು. ನನ್ನ ಅಜ್ಜನ ಯೌವನದಲ್ಲಿ ಅದನ್ನು ಕೇಳುವವರೂ ಇರಲಿಲ್ಲ, ಉತ್ತರಿಸುವವರೂ ಇರಲಿಲ್ಲ.

ನಮ್ಮ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲೇ, ಚೋಳರ ನಾಡಿನ ಉತ್ತರಮೇರೂರಿನಲ್ಲಿ ಊರಸಭೆಯ ಸಮಿತಿಗಳಿಗೆ ಚೀಟಿ ಎತ್ತಿ ಸದಸ್ಯರನ್ನು ಆರಿಸುವ ನಿಯಮಗಳನ್ನು ಕಲ್ಲಿನಲ್ಲಿ ಕೊರೆಸಿದರು. ಕ್ರಿ.ಶ. 921ರ ಸುಮಾರಿನ ಆ ಶಾಸನದಂತೆ, ಆಯ್ಕೆಗೆ ನಿಲ್ಲುವವನಿಗೆ ತೆರಿಗೆ ತೆರುವ ಭೂಮಿ, ಸ್ವಂತ ನಿವೇಶನದಲ್ಲಿ ಮನೆ, ವೇದವಿದ್ಯೆ ಇರಬೇಕು. ವಯಸ್ಸು ಮೂವತ್ತೈದರಿಂದ ಎಪ್ಪತ್ತರೊಳಗೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ಬಂಧುಗಳಿಗೂ ಅವಕಾಶವಿಲ್ಲ. ಈ ಕೊನೆಯ ನಿಯಮವನ್ನು ಇಂದು ಜಾರಿಗೆ ತಂದರೆ ಎಷ್ಟು ಊರುಗಳಲ್ಲಿ ಅಭ್ಯರ್ಥಿಗಳು ಸಿಕ್ಕಾರೋ! ಅದಿರಲಿ. ವಯಸ್ಸಿನಲ್ಲಿ ನಾನು ಅರ್ಹ, ವೇದವಿದ್ಯೆಯಲ್ಲಿ ಅನರ್ಹ. ಭೂಮಿಯಿಲ್ಲದವರಂತೂ ಅಲ್ಲಿ ಎಣಿಕೆಗೇ ಇಲ್ಲ.

ಶತಮಾನಗಳನ್ನು ದಾಟಿ ನಿಜಾಮರ ಆಳಿಕೆಗೆ ಬಂದರೂ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಒಕ್ಕಲಿಗೆ ಹೆಚ್ಚೇನೂ ದೊರೆತಿರಲಿಲ್ಲ. ಕಚೇರಿಯ ಭಾಷೆ ಉರ್ದು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಹುಟ್ಟುವ ಮೊದಲೇ ನಿಷೇಧಿಸಲಾಯಿತು. 1939ರ ಸುಧಾರಣಾ ಯೋಜನೆ ಶಾಸನಸಭೆಯ ಆಸೆ ತೋರಿಸಿದರೂ ಪ್ರಾತಿನಿಧ್ಯವನ್ನು ಜಾಗೀರು, ವ್ಯಾಪಾರ, ವಕೀಲಿ ಮೊದಲಾದ ಹಿತಗಳಿಗೆ ಹಂಚಿತ್ತು; ವಯಸ್ಕರೆಲ್ಲರಿಗೂ ಮತ ಎಂಬ ಮಾತು ಅದರಲ್ಲಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. ನಾಲ್ಕು ವರ್ಷ ತುಂಬುವ ಮೊದಲೇ, 1952ರಲ್ಲಿ, ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಿಗೆ ಚುನಾವಣೆ. ಮತ ಹಾಕಲು 21 ವರ್ಷ, ನಿಲ್ಲಲು 25 ವರ್ಷ, 250 ರೂಪಾಯಿ ಠೇವಣಿ, ಪರಿಶಿಷ್ಟರಿಗೆ ಅದರರ್ಧ. ಭೂಮಿ ಬೇಡ, ಶಾಸ್ತ್ರ ಬೇಡ, ಉರ್ದುವೂ ಬೇಡ. ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ; ಮತದಾರ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರಾಯಿತು. ಅಕ್ಷರ ಬಾರದವರ ಕೈಗೆ ರಾಜ್ಯವನ್ನು ಒಪ್ಪಿಸುವುದೇ ಎಂದು ಹುಬ್ಬೇರಿಸಿದವರು ಆಗ ಇಲ್ಲದಿರಲಿಲ್ಲ. ಇದೇ ಮಳಖೇಡದ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಓದಿಲ್ಲದೆಯೂ ಕಾವ್ಯವನ್ನು ಬಲ್ಲವರೆಂದು ಕನ್ನಡಿಗರನ್ನು ಮೆಚ್ಚಿಕೊಂಡದ್ದು ಅವರಿಗೆ ನೆನಪಾಗಲಿಲ್ಲ. ಇನ್ನೊಂದು ಸಂಗತಿ: ಆ ಮೊದಲ ಮಹಾಚುನಾವಣೆಯಲ್ಲಿ ದೇಶದ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಬಿಟ್ಟುಹೋದರು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿ ಅವರು ತಮ್ಮ ಹೆಸರನ್ನು ಹೇಳಿರಲಿಲ್ಲ. ಹೆಚ್ಚಿನವರು ಉತ್ತರದ ಪ್ರಾಂತ್ಯಗಳವರು.

ಅಧಿಕಾರ ಬಂದ ಮಾತ್ರಕ್ಕೆ ನಿಲ್ಲುವ ಶಕ್ತಿ ಬರುವುದಿಲ್ಲ, ಕೇಳುಗರೇ. ಶಹಾಬಾದಿನ ಕಲ್ಲುಗಣಿಯ ಆಳಾಗಲಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿಯಾಗಲಿ ಪ್ರಚಾರಕ್ಕೆಂದು ಹದಿನೈದು ದಿನ ತಿರುಗಿದರೆ ಮನೆಯ ಒಲೆ ಹೇಗೆ ಉರಿದೀತು? ವಕೀಲರಾಗಿದ್ದ ವೀರೇಂದ್ರ ಪಾಟೀಲರು 1957ರಲ್ಲಿ ಚಿಂಚೋಳಿಯಿಂದ ಮೈಸೂರು ವಿಧಾನಸಭೆಗೆ ಹೋಗಿ 1968ರಲ್ಲಿ ಮುಖ್ಯಮಂತ್ರಿಯಾದದ್ದನ್ನು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಅವರು ಇಂದಿರಾ ಗಾಂಧಿಯವರೆದುರು ನಿಂತು ಸೋತದ್ದು. ಸೋಲಿನ ಭಯವೇ ನನ್ನನ್ನು ಹಿಂದೆಳೆಯುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಪಾಠ ಕೇಳಿದ ಹುಡುಗರ ಮುಂದೆ ಕೈಮುಗಿದು ಮತ ಬೇಡುವುದು ಹೇಗೆ?

ನನ್ನ ಜಿಜ್ಞಾಸೆ ಮುಗಿಯುವ ಮೊದಲೇ ಮೀಸಲಾತಿ ಪಟ್ಟಿ ಬಂತು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ನಾಲ್ಕರಲ್ಲೊಂದು, 1993ರ ಕಾಯಿದೆಯಿಂದ ಮೂರರಲ್ಲೊಂದು, 2010ರಿಂದ ಅರ್ಧ—ಹೀಗೆ ಬೆಳೆದ ಮಹಿಳೆಯರ ಪಾಲು ಈ ಬಾರಿ ನಮ್ಮ ಓಣಿಗೆ ಬಂದಿತ್ತು. ಹಿರಿಯರು ಮತ್ತೆ ಬಂದರು. “ಹಂಗಾದ್ರ ಅಮ್ಮಾರನ್ನ ನಿಂದರಸ್ರಿ, ಕೆಲಸ ನೀವ ನೋಡಿದ್ರಾಯ್ತು” ಎಂದರು. ನಾನು ತಲೆಯಾಡಿಸುವುದರಲ್ಲಿದ್ದೆ. ಒಳಗಿನಿಂದ ನನ್ನ ಹೆಂಡತಿ ಬಂದಳು: “ನಿಂದ್ರತೀನಿ. ಆದ್ರ ಮೀಟಿಂಗಿಗೆ ನಾನs ಹೋಗಾಕಿ, ಇವರು ಬರಂಗಿಲ್ಲ.” ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಾಮಪತ್ರದಲ್ಲಿ ತನ್ನ ಹೆಸರನ್ನು ತಾನೇ ಬರೆದಳು. ಕರಪತ್ರ ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಕೆಲವೇ ಮತಗಳಿಂದ ಸೋತಳು, ಠೇವಣಿ ಉಳಿಯಿತು. ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ನಾನೇ ಎದ್ದು ಹೋದೆ. ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಖಾಲಿ ಕೊಡ ಹಿಡಿದು ನಿಂತಿದ್ದಳು. “ನಿಮಗಲ್ರಿ ಸರ, ಅಮ್ಮಾರನ್ನ ಕರೀರಿ. ಮೂರು ದಿನಾ ಆತು, ನಳ ಬಂದಿಲ್ಲ” ಎಂದಳು.