ಘಟ್ಟದ ಅಗಲಿಕೆಯೂ ಚಿತ್ರಗೀತೆಯ ವಿರಹವೂ

ಶಾಸನ, ಕಡತ, ಕೈಫಿಯತ್ತುಗಳನ್ನು ಚರಿತ್ರೆಯ ಆಕರಗಳೆಂದು ಒಪ್ಪುವ ನಾವು ಚಲನಚಿತ್ರಗೀತೆಯನ್ನು ಆ ಪಂಕ್ತಿಯಲ್ಲಿ ಕೂರಿಸಲು ಹಿಂಜರಿಯುತ್ತೇವೆ. ಅದು ವಿನೋದಕ್ಕಾಗಿ ಹುಟ್ಟಿ ವ್ಯಾಪಾರಕ್ಕಾಗಿ ಬೆಳೆದುದೆಂಬ ಆಕ್ಷೇಪಣೆ ಸುಳ್ಳಲ್ಲ. ಆದರೂ ಒಂದು ಕಾಲದ ಜನ ಯಾವ ದುಃಖವನ್ನು ಬಾಯಿಬಿಟ್ಟು ಹೇಳಬಹುದೆಂದು ಭಾವಿಸಿದ್ದರು, ಯಾವುದನ್ನು ನುಂಗಿಕೊಳ್ಳಬೇಕೆಂದು ತಿಳಿದಿದ್ದರು ಎಂಬುದಕ್ಕೆ ಕಡತಗಳು ಸಾಕ್ಷಿ ನುಡಿಯವು. ಕಳೆದುಹೋದ ಒಲವನ್ನು ಮರೆಯಲಾರದವರ ಹಾಡನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಸೀಮೆಯಲ್ಲಿ ನಿಂತು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಜಿಲ್ಲೆಗೆ ವಿರಹದ ಕಾವ್ಯ ಹೊಸದೇನೂ ಅಲ್ಲ. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂಬುದು ಬಹುಮಂದಿ ವಿದ್ವಾಂಸರ ಮತ. ವಾರ್ಧಕ ಷಟ್ಪದಿಯಲ್ಲಿ ಅವನು ಹಾಡಿದ ಸೀತಾಪರಿತ್ಯಾಗದ ಪ್ರಸಂಗವನ್ನು ಗಮಕಿಗಳ ಬಾಯಲ್ಲಿ ಕೇಳಿ ಕಣ್ಣೊರೆಸಿಕೊಂಡ ತಲೆಮಾರುಗಳೆಷ್ಟೋ. ಅಲ್ಲಿ ತೊರೆದವನು ಗಂಡ, ಅಳುವವಳು ಹೆಂಡತಿ, ಅವಳ ಅಳಲಿಗೆ ಕಾಡಿನ ಮೃಗಪಕ್ಷಿಗಳೂ ಮರುಗುತ್ತವೆ. ಕೊನೆಗೆ ಸೀತೆ ರಾಮನನ್ನು ಮತ್ತೆ ಕೂಡುತ್ತಾಳೆ. ನಮ್ಮ ಹಳೆಯ ವಿರಹ ಬಹುಮಟ್ಟಿಗೆ ಪುನರ್ಮಿಲನದ ಭರವಸೆಯ ಮೇಲೆ ನಿಂತದ್ದು.

ಸುಮಾರು 1830ರಲ್ಲಿ ಚಿಕ್ಕಮಗಳೂರಿನ ಬಳಿ ಕ್ಯಾನನ್ ಎಂಬಾತ ತೋಟ ಹಾಕಿದಂದಿನಿಂದ ಕಾಫಿಯ ಬೇಸಾಯ ದೊಡ್ಡ ಪ್ರಮಾಣದಲ್ಲಿ ಬೆಳೆಯಿತಷ್ಟೆ. ಅದರೊಡನೆ ಮತ್ತೊಂದು ಬಗೆಯ ಅಗಲಿಕೆಯೂ ಬಂದಿತು. ಮೇಸ್ತ್ರಿಗಳಿಂದ ಮುಂಗಡ ಪಡೆದ ಆಳುಗಳು ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬರುವರು. ಹಣ್ಣು ಕುಯ್ಲು ಮುಗಿಸಿ, ಮಳೆಗಾಲಕ್ಕೆ ಮುಂಚೆ ತಮ್ಮ ಗದ್ದೆಗಳಿಗೆ ಮರಳುವರು. ಕೆಳಗೆ ಉಳಿದವರು ದಿನ ಎಣಿಸುವರು. ಮುಂಗಡದ ಸಾಲ ತೀರದೆ ಆ ಎಣಿಕೆ ತಪ್ಪುತ್ತಿದ್ದುದೂ ಉಂಟು. ಹಾಗಿದ್ದರೂ ಈ ವಿರಹಕ್ಕೆ ಒಂದು ಪಂಚಾಂಗವಿತ್ತು. ಅಗಲಿಸಿದ್ದು ದೂರ, ದೂರವನ್ನು ನಡೆದು ಮುಗಿಸಬಹುದು.

1965ರಲ್ಲಿ ಭದ್ರಾವತಿಯ ಆಕಾಶವಾಣಿ ಕೇಂದ್ರ ಆರಂಭವಾಯಿತು. ರೇಡಿಯೋದಲ್ಲಿ ಬಂದ ಹಾಡಿಗೆ ಸಾಹುಕಾರರ ಬಂಗಲೆ, ಕೂಲಿಲೈನು ಎಂಬ ಭೇದವಿಲ್ಲ. ತುಳು, ತಮಿಳು ಮನೆಮಾತಿನವರಿಗೂ ಕನ್ನಡದ ಚಿತ್ರಗೀತೆ ದೊರೆತದ್ದು ಹೀಗೆ. ಆ ಗೀತೆಗಳಲ್ಲಿ ಒಂದು ಬಗೆಯವು ಹಿಂದಿನ ಎರಡು ವಿರಹಗಳಿಗೂ ಸೇರವು. ದೊರೈ–ಭಗವಾನ್ ನಿರ್ದೇಶನದ ‘ಎರಡು ಕನಸು’ (1974) ಚಿತ್ರದ ‘ಬಾಡಿಹೋದ ಬಳ್ಳಿ’ಯ ಹಾಡನ್ನು ತೆಗೆದುಕೊಳ್ಳೋಣ. ಸಾಹಿತ್ಯ ಚಿ. ಉದಯಶಂಕರ್ ಅವರದು, ಸಂಗೀತ ರಾಜನ್–ನಾಗೇಂದ್ರರದು, ಕಂಠ ಪಿ. ಬಿ. ಶ್ರೀನಿವಾಸರದು. ನಾಯಕನು ಅಧ್ಯಾಪಕ (ನಮ್ಮ ವೃತ್ತಿಯವನೇ ಎಂಬುದು ತುಸು ಸಂಕೋಚದ ಸಂಗತಿ!), ಲಲಿತೆಯನ್ನು ಒಲಿದವನು ಗೌರಿಯ ಗಂಡನಾಗಿದ್ದಾನೆ. ಹತ್ತು ವರ್ಷಗಳ ತರುವಾಯ ಬಂದ ‘ಬಂಧನ’ (1984) ಚಿತ್ರದಲ್ಲಿ ವೈದ್ಯ ಹರೀಶನು ತನ್ನ ಒಲವನ್ನು ತಿಳಿಸಬೇಕೆನ್ನುವಷ್ಟರಲ್ಲಿ ನಂದಿನಿ ಬೇರೊಬ್ಬನವಳು. ಆರ್. ಎನ್. ಜಯಗೋಪಾಲ್ ಬರೆದು ಎಂ. ರಂಗರಾವ್ ರಾಗ ಹಾಕಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ನೂರೊಂದು ನೆನಪು’ ಇಂದಿಗೂ ಜನರ ನಾಲಗೆಯ ಮೇಲಿದೆ.

ಇಲ್ಲಿ ಅಗಲಿಸಿರುವುದು ಘಟ್ಟವಲ್ಲ, ಮದುವೆ. ಪ್ರಿಯೆ ಎದುರಿಗೇ ಇರಬಹುದು, ಆದರೂ ಕೈಗೆಟುಕಳು. ಯಾವ ಋತುವೂ ಅವಳನ್ನು ಮರಳಿ ತಾರದು. ಆಕೆಯನ್ನು ಹಿಂದಕ್ಕೆ ಕೇಳುವಂತೆಯೂ ಇಲ್ಲ, ದೂರುವಂತೆಯೂ ಇಲ್ಲ. ನೆನೆಯುವುದೊಂದೇ ಉಳಿದ ಹಕ್ಕು. ಗೃಹಸ್ಥಧರ್ಮವನ್ನು ಮುರಿಯದೆಯೇ ಅದರ ಹೊರಗಿನ ಒಲವನ್ನು ಹೇಳಿಕೊಳ್ಳಲು ನಮ್ಮ ಸಮಾಜ ಕೊಟ್ಟ ರಹದಾರಿ ಈ ಹಾಡು ಎಂದು ನನ್ನ ಅಭಿಪ್ರಾಯ.

ರಹದಾರಿ ದೊರೆತದ್ದು ಯಾರಿಗೆ ಎಂಬುದನ್ನು ಮಾತ್ರ ಗಮನಿಸಬೇಕು. ‘ಎರಡು ಕನಸು’ ಚಿತ್ರದಲ್ಲಿಯೇ ಎಸ್. ಜಾನಕಿಯವರು ಹಾಡಿದ ‘ಪೂಜಿಸಲೆಂದೆ’ ಎಂಬ ಗೀತೆಯುಂಟು. ಗಂಡನ ಮನಸ್ಸಿನ ಬಾಗಿಲು ತೆರೆಯದ ಗೌರಿ ತನ್ನ ಸಂಕಟವನ್ನು ದೇವರ ಮುಂದೆ ಇಡುತ್ತಾಳೆ. ಕೇಳುವವನಿಗೆ ಅದು ಭಕ್ತಿಗೀತೆ. ಕಥೆ ಬಲ್ಲವನಿಗೆ ಹೆಂಡತಿಯ ಮೊರೆ. ಗಂಡಸು ತನ್ನ ದುಃಖವನ್ನು ದುಃಖವೆಂದೇ ಹಾಡಿದನು. ಹೆಂಗಸು ಅದಕ್ಕೆ ಪೂಜೆಯ ಸೆರಗು ಹೊದಿಸಬೇಕಾಯಿತು. ‘ಬಂಧನ’ದಲ್ಲಿಯೂ ಜನ ಎತ್ತಿಕೊಂಡದ್ದು ಹರೀಶನ ಅಳಲನ್ನು, ಕೈಹಿಡಿದವನಿಂದಲೇ ನೊಂದ ನಂದಿನಿಯದನ್ನಲ್ಲ. ಲಕ್ಷ್ಮೀಶನ ಸೀತೆಗೆ ಇದ್ದ ಬಾಯಿ ಈ ಇಬ್ಬರಿಗೆ ಇಲ್ಲದೆಹೋಯಿತು.

ಇದನ್ನು ಪುರುಷರ ಕಲ್ಪನೆಯ ದೋಷವೆಂದು ತಳ್ಳಿಬಿಡುವಂತೆಯೂ ಇಲ್ಲ. ಎರಡು ಚಿತ್ರಗಳಿಗೂ ಮೂಲವಾದ ಕಾದಂಬರಿಗಳನ್ನು ಬರೆದವರು ಸ್ತ್ರೀಯರು: ಮೊದಲನೆಯದು ವಾಣಿಯವರದು, ಎರಡನೆಯದು ಉಷಾ ನವರತ್ನರಾಮ್ ಅವರದು. ಪುಟದಿಂದ ಪರದೆಗೆ, ಪರದೆಯಿಂದ ರೇಡಿಯೋಗೆ ಸಾಗುವಾಗ ಕಥೆಯ ಬಹುಭಾಗ ಉದುರಿ, ಗಾಯಕನ ನಾಲ್ಕು ನಿಮಿಷಗಳ ನೆನಪು ಮಾತ್ರ ಉಳಿಯಿತು. ಕಳಸದ ಕಣದಲ್ಲಿ ಕಾಫಿ ಹರಡುತ್ತ ಆ ಹಾಡನ್ನು ಗುನುಗುವ ಹೆಂಗಸು ಗಂಡಸಿನ ಮಾತಿನಲ್ಲಿಯೇ ತನ್ನ ಯಾರನ್ನೋ ನೆನೆಯುತ್ತಿರಬಹುದು. ಆ ಹೆಸರು ಯಾವ ಕಡತದಲ್ಲಿಯೂ ದೊರೆಯದು.